ಖರ್ಚಿನ ಮಾತು ತೆಗೆದರೆ ಅಣ್ಣ ಊಟ ಬಿಟ್ಟು ಏಳುತ್ತಾನೆ

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಅಡಿಕೆ ತೋಟ, ಇನ್ನೂ ಪಾಲಾಗಿಲ್ಲ. ನೋಡಿಕೊಳ್ಳುವುದು ನಾನು, ಅಣ್ಣ ಬೆಂಗಳೂರಿನಲ್ಲಿದ್ದಾನೆ. ಹೋದ ವರ್ಷ ಮಂಡಿಯಿಂದ ಬಂದ 8 ಲಕ್ಷವನ್ನು ಸಮ ಮಾಡಿಕೊಂಡೆವು. ಖರ್ಚಾದ 2 ಲಕ್ಷ 60 ಸಾವಿರ ನನ್ನ ಪಾಲಿನಿಂದಲೇ ಹೋಯಿತು. ದೀಪಾವಳಿ ಊಟದ ಹೊತ್ತಿಗೆ ಮಾತು ತೆಗೆದರೆ ‘ನನ್ನ ಹತ್ರ ಲೆಕ್ಕ ಕೇಳ್ತೀಯೇನೋ’ ಅಂದ. ‘ನಾನೇನು ನಿನ್ನ ತೋಟದ ಆಳಾ’ ಅಂದುಬಿಟ್ಟೆ. ಅವನು ಎದ್ದು ಹೋದ, ಅಮ್ಮ ಅತ್ತಳು. ಇನ್ನು ಹೇಗೆ ಕೇಳಲಿ?

ಉತ್ತರ: ಎಲೆ ಮುಂದೆ ಕೂತವನ ಹತ್ತಿರ ದುಡ್ಡಿನ ಮಾತು ಆಡಬಾರದಿತ್ತು. ಅಮ್ಮ, ಅತ್ತಿಗೆ, ಮಕ್ಕಳೆಲ್ಲ ನೋಡುತ್ತಿರುವಾಗ ‘ಹೌದು’ ಅಂದರೆ ಇಷ್ಟು ವರ್ಷ ಹೆಚ್ಚು ತಿಂದೆ ಎಂದು ಒಪ್ಪಿಕೊಂಡಂತೆ. ಅವನು ಏಳದೆ ಏನು ಮಾಡಿಯಾನು?

ನಿಮ್ಮ ಪತ್ರದಲ್ಲಿ ಎರಡು ವಿಷಯ ಇವೆ. ಒಂದು ಖರ್ಚು, ಇನ್ನೊಂದು ನಿಮ್ಮ ದುಡಿಮೆಗೆ ಬೆಲೆ ಸಿಗುತ್ತಿಲ್ಲ ಎಂಬ ನೋವು. ‘ಆಳಾ’ ಎಂಬ ಮಾತು ಬಂದದ್ದು ಎರಡನೆಯದರಿಂದ. ಈ ಸಲ ಖರ್ಚು ಮಾತ್ರ ಮಾತಾಡಿ. ಮೇಲ್ವಿಚಾರಣೆಯ ಸಂಬಳ ಮುಂದಿನ ವರ್ಷಕ್ಕಿರಲಿ. ಹೋದ ವರ್ಷದ್ದನ್ನು ವಾಪಸ್ ಕೇಳಲೂಬೇಡಿ, ಕಷ್ಟವೇ, ಆದರೂ.

ಮಳೆಗಾಲದ ಮೊದಲ ಔಷಧಿ ಹೊಡೆಸುವ ಮುಂಚೆಯೇ ಇದು ಮುಗಿಯಬೇಕು. ಖರ್ಚಾಗದ ದುಡ್ಡಿನ ಬಗ್ಗೆ ಮಾತಾಡುವುದು ಸಲೀಸು. ಮೇ ರಜೆಗೆ ಅಣ್ಣ ಬರುವುದಾದರೆ ಮೂರು ದಿನ ಮೊದಲು ಫೋನ್ ಮಾಡಿ: ‘ಅಣ್ಣ, ಈ ವರ್ಷದ ತೋಟದ ಖರ್ಚಿಗೆ ಒಂದು ದಾರಿ ಮಾಡ್ಬೇಕು. ಭಾನುವಾರ ಬೆಳಿಗ್ಗೆ ನಾವಿಬ್ಬರೇ ತೋಟಕ್ಕೆ ಹೋಗಿಬರೋಣ.’ ಅಷ್ಟೇ ಸಾಕು, ಮೊತ್ತ ಫೋನಿನಲ್ಲಿ ಬೇಡ.

ಅಡಿಕೆ ಮಾರಿದ್ದಕ್ಕೆ ಮಂಡಿಯವರು ಕೊಡುವ ಪಟ್ಟಿ, ಗೊಬ್ಬರದ ರಸೀದಿ, ಕೊಯ್ಲು-ಸುಲಿತದ ಕೂಲಿ ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿ. ನಿಮ್ಮ ಬೈಕಿನ ಪೆಟ್ರೋಲ್, ಮನೆ ರಿಪೇರಿ ಅದರಲ್ಲಿ ನುಸುಳಿದ್ದರೆ ತೆಗೆದುಹಾಕಿ. ಅನುಮಾನದ ಒಂದು ಸಾಲು ಉಳಿದ ಇಪ್ಪತ್ತು ಸಾಲನ್ನೂ ಕೆಡಿಸುತ್ತದೆ. ಔಷಧಿಯ ಸಾಲು ಬಿಡಿಸಿ ಬರೆಯಿರಿ. ಬೋರ್ಡೋ ದ್ರಾವಣದ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹೀಗೆ ಎಷ್ಟು ಡ್ರಮ್ ಆಯಿತು, ಎಷ್ಟು ಸುತ್ತು ಹೊಡೆಸಿದಿರಿ, ಮರ ಹತ್ತುವ ಕೊನೆಗಾರನಿಗೆ ದಿನಕ್ಕೆಷ್ಟು. ಊರು ಬಿಟ್ಟವರ ತಲೆಯಲ್ಲಿ ಎಲೆಚುಕ್ಕಿ ರೋಗ ಬರುವ ಮುಂಚಿನ ಖರ್ಚಿನ ಲೆಕ್ಕವೇ ಉಳಿದಿರುತ್ತದೆ. ರೋಗಕ್ಕೆ ಕೆಂಪಾದ ಅಡಿಕೆ ಸೋಗೆಯನ್ನು ಅವನೇ ಕತ್ತೆತ್ತಿ ನೋಡಲಿ. ತೋಟದಲ್ಲಿ ಜೊತೆಗೆ ನಡೆಯುವಾಗ ಮುಖ ಮುಖ ನೋಡಬೇಕಾಗಿಲ್ಲ ಎಂಬ ಅನುಕೂಲವೂ ಇದೆ.

ಆಮೇಲೆ ಕೇಳುವುದು ಒಂದೇ ಮಾತು: ‘ಮೊದಲು ಖರ್ಚು ಕಳೆದು, ಉಳಿದದ್ದು ಸಮ ಮಾಡೋಣ್ವಾ?’ ಹೋದ ವರ್ಷದ ಅಂಕಿಯಲ್ಲಿ ನಿಮಗುಳಿದದ್ದು 1 ಲಕ್ಷ 40 ಸಾವಿರ, ಅವನಿಗೆ 4 ಲಕ್ಷ. ಹೊಸ ರೀತಿಯಲ್ಲಿ ಇಬ್ಬರಿಗೂ 2 ಲಕ್ಷ 70 ಸಾವಿರ. ‘ನಿನಗೆ 1 ಲಕ್ಷ 30 ಸಾವಿರ ಕಡಿಮೆಯಾಗುತ್ತೆ’ ಎಂದು ನೀವೇ ಬಾಯಿಬಿಟ್ಟು ಹೇಳಿ. ರಾತ್ರಿ ಅವನೇ ಲೆಕ್ಕ ಹಾಕಿ ಕಂಡುಕೊಂಡರೆ ಮೋಸ ಅನ್ನಿಸುತ್ತದೆ.

ಕೇಳಿದ ಮೇಲೆ ಸುಮ್ಮನಿರಿ. ಆ ಮೌನ ತಡೆಯದೆ ‘ನಿನಗೇನು, ತಿಂಗಳಾದ್ರೆ ಸಂಬಳ ಬರುತ್ತೆ’ ಅಂದಿರೋ, ಕೆಟ್ಟಿತು. ರೇಗಿದರೆ ‘ಹಾಳೆ ನಿನ್ನ ಹತ್ರ ಇರಲಿ, ಹೋಗೋದ್ರೊಳಗೆ ಹೇಳು’ ಎಂದು ಕೊಟ್ಟು ಬೇರೆ ಮಾತೆತ್ತಿ. ಅಮ್ಮನನ್ನು ಮಧ್ಯಸ್ಥಿಕೆಗೆ ಎಳೆಯಬೇಡಿ.

ಒಪ್ಪಿದರೆ ಎರಡು ಸಾಲಿನಲ್ಲಿ ಅವನೊಬ್ಬನಿಗೇ ವಾಟ್ಸ್ಯಾಪ್ ಮಾಡಿ, ಮನೆಯವರ ಗ್ರೂಪಿಗೆ ಬೇಡ. ಖರ್ಚಿನ ಒಪ್ಪಂದಕ್ಕೆ ಅಷ್ಟು ಸಾಕು. ಜಮೀನೇ ಪಾಲು ಮಾಡುವ ಪತ್ರವಾದರೆ ನೋಂದಣಿ ಆಗಬೇಕು, ಅದು ಬೇರೆ ಮಾತು. ಇನ್ನು ಮುಂದೆ ಮಂಡಿ ಪಟ್ಟಿ ಕೈಗೆ ಬಂದ ದಿನವೇ ಫೋಟೋ ತೆಗೆದು ಕಳಿಸಿ, ಅವನು ಕೇಳುವ ಮುಂಚೆ.