ಕ್ರಿಸ್‌ಮಸ್‌ಗೆ ಬ್ಲೂಗ್ರಾಸ್: ನೀವು ಕೇಳಿದ್ದು, ನಾನು ಹೇಳೋದು

ಪ್ರಶ್ನೆ: ಮಗಳು ಅಮೆರಿಕದ ಟೆನೆಸೀಲಿ ಕೆಲಸದಲ್ಲಿದಾಳೆ. ಹೋದ ವಾರ ವಾಟ್ಸಾಪಲ್ಲಿ ಒಂದಷ್ಟು ಕ್ರಿಸ್‌ಮಸ್ ಹಾಡು ಕಳಿಸಿ ಇದು ಬ್ಲೂಗ್ರಾಸ್ ಅಮ್ಮ, ಕೇಳು ಅಂದ್ಲು. ಹಾಡು ಓಡೋ ಸ್ಪೀಡಿಗೆ ಖುಷಿ ಆಗ್ಬೇಕು, ಆದ್ರೆ ನಂಗೆ ಕಣ್ಣಲ್ಲಿ ನೀರು ಬಂತು. ಇದು ಅಲ್ಲಿನ ಹಳೇ ಜಾನಪದಾನಾ?
(ಬಸವನಗುಡಿಯ ಓದುಗರು)

ನಿಮಗೆ ನೀರು ಬಂದಿದ್ದು ಸರಿಯಾಗೇ ಇದೆ ಮೇಡಂ, ಆ ಸಂಗೀತದ ಜೀವಾನೇ ಅದು. ಕೈ ಓಡ್ತಿರತ್ತೆ, ಗಂಟಲು ಮಾತ್ರ ದೂರದಲ್ಲಿರೋ ಯಾರನ್ನೋ ಕರೀತಿರತ್ತೆ. ತಾರಸ್ಥಾಯಿಲಿ ಒಂಟಿಯಾಗಿ ಎದ್ದು ನಿಲ್ಲೋ ಆ ದನಿಗೆ ಅಲ್ಲಿನವರು ಹೈ ಲೋನ್‌ಸಮ್ ಅಂತಾರೆ.

ಜಾನಪದದ ಬೇರಿದೆ, ಆದ್ರೆ ಬ್ಲೂಗ್ರಾಸ್ ಅಷ್ಟೇನೂ ಹಳೇದಲ್ಲ. ಕೆಂಟಕಿಯ ರೋಸೀನ್ ಅನ್ನೋ ಊರಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ಮ್ಯಾಂಡೊಲಿನ್ ಹಿಡ್ಕೊಂಡು ಒಂದು ತಂಡ ಕಟ್ಟಿದ್ರು, ತಮ್ಮ ರಾಜ್ಯಕ್ಕೆ ಬ್ಲೂಗ್ರಾಸ್ ನಾಡು ಅನ್ನೋ ಅಡ್ಡಹೆಸರು ಇತ್ತಲ್ಲ ಅದನ್ನೇ ತಂಡಕ್ಕಿಟ್ರು, ಆಮೇಲೆ ತಂಡದ ಹೆಸರೇ ಇಡೀ ಸಂಗೀತಕ್ಕೆ ಅಂಟ್ಕೊಳ್ತು. 1939ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೋ ಕಾರ್ಯಕ್ರಮಕ್ಕೆ ಸೇರಿದ್ರು. 1945ರ ಕೊನೇಲಿ ಅರ್ಲ್ ಸ್ಕ್ರಗ್ಸ್ ಅನ್ನೋ ಹುಡುಗ ಬ್ಯಾಂಜೋ ಅನ್ನೋ ತಂತಿವಾದ್ಯ ತಗೊಂಡು ತಂಡಕ್ಕೆ ಬಂದ, ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೇ ಬೆರಳಲ್ಲಿ ಸ್ವರಗಳನ್ನ ಮಳೆಹನಿ ಥರ ಉದುರಿಸಿದ. ನಿಮ್ಮ ಮಗಳು ಕಳಿಸಿದ ಹಾಡಲ್ಲಿ ನಿಲ್ಲದೆ ಸುರೀತಿರೋದು ಆ ಕೈಚಳಕಾನೇ.

ಇನ್ನೊಂದು ಮಾತು ಹೇಳ್ಲೇಬೇಕು. ಬ್ಯಾಂಜೋ ಬಿಳಿಯರ ಗುಡ್ಡಗಾಡಿನ ವಾದ್ಯ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅದರ ಮೂಲ ಆಫ್ರಿಕಾ, ಗುಲಾಮರಾಗಿ ಸಾಗಿಸಲ್ಪಟ್ಟ ಜನ ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡ್ಕೊಂಡಿದ್ದ ವಾದ್ಯ ಅದು. ಕ್ರಿಸ್‌ಮಸ್ ಹಾಡಲ್ಲಿ ಅದು ನುಡಿದಾಗಲೆಲ್ಲ ನಂಗೆ ಆ ಜನ ನೆನಪಾಗ್ತಾರೆ.

ಪ್ರಶ್ನೆ: ನಾವು ಏಳು ಜನ ಚರ್ಚ್ ಯೂತ್. ಡಿಸೆಂಬರಲ್ಲಿ ಮನೆಮನೆಗೆ ಕ್ಯಾರಲ್ಸ್ ಹೋಗ್ತೀವಿ. ಮೂರು ಗಿಟಾರ್, ಒಂದು ಮ್ಯಾಂಡೊಲಿನ್ ಇದೆ, ವಯಲಿನ್ ಕಲೀತಿರೋಳು ಒಬ್ಳಿದಾಳೆ. ಈ ಸಲ ಬ್ಲೂಗ್ರಾಸ್ ಟ್ರೈ ಮಾಡ್ಬೋದಾ ಸರ್? ಯಾವ ಹಾಡು?
(ಕಮ್ಮನಹಳ್ಳಿಯ ಓದುಗರು)

ಖಂಡಿತ ಮಾಡಿ, ನಿಮ್ಮ ಹತ್ರ ಅರ್ಧ ತಂಡ ಆಗ್ಲೇ ಇದೆ. ಹೋದ ಡಿಸೆಂಬರಲ್ಲಿ ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗಿಗೆ ಒಂದು ಕ್ಯಾರಲ್ ತಂಡ ಬಂದಿತ್ತು, ಕೀಬೋರ್ಡು ದೊಡ್ಡ ಸ್ಪೀಕರು ಎಲ್ಲಾ ಇತ್ತು, ಮಧ್ಯದಲ್ಲಿ ಕರೆಂಟ್ ಹೋಯ್ತು. ಒಬ್ಬ ಹುಡುಗ ಸ್ಕೂಟರ್ ಸೀಟ್ ಮೇಲೆ ಕೂತು ಗಿಟಾರ್ ಹಿಡಿದ, ಉಳಿದವರು ಅವನ ಹತ್ರ ಒತ್ತಾಗಿ ಬಂದು ನಿಂತ್ರು, ಮೇಲಿನ ಬಾಲ್ಕನಿಗಳಲ್ಲಿ ಜನ ಮಾತು ನಿಲ್ಲಿಸಿ ಕೇಳಿದ್ರು. ಬ್ಲೂಗ್ರಾಸ್ ಅಂದ್ರೆ ಆ ಒತ್ತಾಗಿ ನಿಲ್ಲೋದೇ. ಹಳೇ ತಂಡಗಳು ಒಂದೇ ಮೈಕ್ ಸುತ್ತ ನಿಲ್ತಿದ್ವು, ಯಾರ ಸರದಿಯೋ ಅವರು ಒಂದು ಹೆಜ್ಜೆ ಮುಂದೆ, ನುಡಿಸಿ ಮುಗೀತಿದ್ದ ಹಾಗೆ ಹಿಂದೆ, ಹಾಡೋರು ಮತ್ತೆ ಒಳಗೆ.

ಮೂರು ಗಿಟಾರ್ ಬೇಡ, ಒಂದು ಸಾಕು, ಅದು ಬೇಸ್ ಸ್ವರ ಕೊಟ್ಟು ತಾಳ ಹಿಡೀಲಿ. ಡ್ರಮ್ಸ್ ಕೂಡ ಬೇಡ, ಆ ಕೆಲ್ಸ ಮ್ಯಾಂಡೊಲಿನ್‌ದು: ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹೊಡೆದ ತಕ್ಷಣ ಎಡಗೈ ಬೆರಳು ಸ್ವಲ್ಪ ಸಡಿಲ ಬಿಡಿ, ತಂತಿ ಬಿಡ್ಬೇಡಿ, ಸ್ವರ ಉಳಿಯಲ್ಲ, ಟಕ್ ಅಂತ ಶಬ್ದ ಮಾತ್ರ ಬರತ್ತೆ. ಎರಡನೇ, ನಾಲ್ಕನೇ ಏಟಿಗೆ ಆ ಟಕ್ ಬೀಳ್ಬೇಕು. ವಯಲಿನ್ ಹುಡುಗಿಗೆ ಹೇಳಿ, ಪಾಶ್ಚಾತ್ಯ ಶ್ರುತೀಲಿ ಅವಳ ನಾಲ್ಕು ತಂತಿನೂ ಮ್ಯಾಂಡೊಲಿನ್ನಿನ ನಾಲ್ಕು ಜೊತೆ ತಂತಿನೂ ಒಂದೇ, ಇಬ್ರೂ ಒಬ್ಬರಿಗೊಬ್ಬರು ಕಲಿಸ್ಕೋಬೋದು.

ಮೊದ್ಲು ಕ್ರಿಸ್‌ಮಸ್ ಟೈಮ್ಸ್ ಎ-ಕಮಿನ್ ತಗೊಳ್ಳಿ, ಮನ್ರೋ 1951ರಲ್ಲಿ ರೆಕಾರ್ಡ್ ಮಾಡಿದ್ದು. ಬರೆದ ಟೆಕ್ಸ್ ಲೋಗನ್ ಪಿಟೀಲು ನುಡಿಸ್ತಿದ್ರು, ಜೊತೆಗೆ ಎಂಜಿನಿಯರ್ರೂ ಹೌದು, ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡ್ದೋರು, ಕೃತಕವಾಗಿ ಪ್ರತಿಧ್ವನಿ ಹುಟ್ಟಿಸೋ ಬಗ್ಗೆ ಸಂಶೋಧನೆ ಮಾಡಿದಾರೆ. ಹಾಡಿನ ವಿಷಯ ಇಷ್ಟೇ, ಹಬ್ಬ ಬಂತು, ಮನೆಗೆ ಹೋಗ್ತಿದೀನಿ. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬ್ಯಾಗ್ ತೊಡೆ ಮೇಲಿಟ್ಕೊಂಡು ಊರಿನ ಬಸ್ಸಿಗೆ ಕಾದವರಿಗೆ ಇದನ್ನ ವಿವರಿಸೋ ಅಗತ್ಯ ಇಲ್ಲ.

ಅದು ಓಟ ಆದ್ರೆ ಎರಡನೇದು ನಿಧಾನ: ಬ್ಯೂಟಿಫುಲ್ ಸ್ಟಾರ್ ಆಫ್ ಬೆತ್ಲೆಹೆಮ್, ಟೆನೆಸೀಯ ಆರ್. ಫಿಶರ್ ಬಾಯ್ಸ್ ಬರೆದದ್ದು, ಬ್ಲೂಗ್ರಾಸ್ ಗಾಯಕ ರಾಲ್ಫ್ ಸ್ಟ್ಯಾನ್ಲಿ ದನೀಲೇ ಕೇಳಿ. ಮೂರು ಎಣಿಕೆ ಲಯ. ಒಬ್ರು ಮುಖ್ಯ ಧಾಟಿ ಹಾಡ್ಲಿ, ಟೆನರ್ ಅನ್ನೋ ಎತ್ತರದ ದನಿ ಅದರ ಮೇಲೆ, ಬ್ಯಾರಿಟೋನ್ ಅನ್ನೋ ತಗ್ಗಿನ ದನಿ ಕೆಳಗೆ. ಕನ್ನಡ ಮಾತು ಹಾಕೋದಾದ್ರೆ ಇಂಗ್ಲಿಷ್ ಸಾಲನ್ನ ಹಾಗೇ ತುರುಕ್ಬೇಡಿ, ಕೊನೆ ಸ್ವರ ಉದ್ದ ಎಳೆಯೋ ಕಡೆ ದೀರ್ಘ ಅಕ್ಷರ ಬರೋ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಹಾಡು ಉಸಿರು ಕಟ್ಟತ್ತೆ.

ಪ್ರಶ್ನೆ: ತಾತನ ಬೆಂಜೋ ಅಟ್ಟದ ಮೇಲಿತ್ತು, ಭಜನೆಗೆ ನುಡಿಸ್ತಿದ್ರು. ಬ್ಲೂಗ್ರಾಸಿನ ಬ್ಯಾಂಜೋ ಇದೇನಾ?
(ಚಾಮರಾಜಪೇಟೆಯ ಓದುಗರು)

ಹೆಸರು ಒಂದೇ, ವಾದ್ಯ ಬೇರೆ. ನಿಮ್ಮ ತಾತನದು ಟೈಪ್‌ರೈಟರ್ ಥರ ಗುಂಡಿ ಇರೋ ಬುಲ್‌ಬುಲ್ ತರಂಗ್, ಜಪಾನಿನ ತೈಶೋಗೊಟೊ ಅನ್ನೋದರ ವಂಶ. ಅಲ್ಲಿನ ಬ್ಯಾಂಜೋಗೆ ಐದು ತಂತಿ, ಐದನೇದು ಗಿಡ್ಡ, ಅದರ ಬಿರಡೆ ಕುತ್ತಿಗೆಯ ಮಧ್ಯದಲ್ಲಿ ಪಕ್ಕಕ್ಕೆ ಇರತ್ತೆ. ಆ ಗಿಡ್ಡ ತಂತೀನ ಸಾಮಾನ್ಯವಾಗಿ ಒತ್ತಲ್ಲ, ಹೆಬ್ಬೆರಳು ಮೀಟ್ತಾನೇ ಇರತ್ತೆ, ವೀಣೆಯ ತಾಳದ ತಂತಿ ಇದೆಯಲ್ಲ, ಹಾಗೆ.

ಆದ್ರೂ ತಾತಂದನ್ನ ಕೆಳಗಿಳಿಸಿ. ಧೂಳು ಒರೆಸಿ ಹೊಸ ತಂತಿ ಹಾಕ್ಸಿ, ಪಕ್ಕದ ತಂತಿಗಳನ್ನ ಸ ಮತ್ತು ಪ ಗೆ ಶ್ರುತಿ ಮಾಡಿ, ಮೇಲೆ ಹೇಳಿದ ಎರಡನೇ ಹಾಡಿನ ಧಾಟೀನ ನಿಧಾನಕ್ಕೆ ಗುಂಡೀಲಿ ಹುಡುಕಿ. ಬಂದ್ರೆ ರೆಕಾರ್ಡ್ ಮಾಡಿ ನಮಗೆ ಕಳಿಸಿ, ಮುಂದಿನ ಸಂಚಿಕೇಲಿ ಅದರ ಬಗ್ಗೆನೇ ಬರೀತೀನಿ.