ಲೈಟಿಗೆ ಬಂದ ಪತಂಗ ನೋಡಿ ಔಷಧಿ ಹೊಡೆಯಬೇಡಿ, ಎಲೆ ನೋಡಿ

ನಮಸ್ಕಾರ ಅಣ್ಣ. ಚಿಂತಾಮಣಿ ಹತ್ರ ಟೊಮೆಟೊ ಇಟ್ಟಿದ್ದೀರಿ, ಪಂಪ್‌ಹೌಸ್ ಲೈಟಿಗೆ ರಾತ್ರಿ ಸಣ್ಣ ಸಣ್ಣ ಪತಂಗ ಮುತ್ತುತ್ತಿವೆ, ಎಲೆಗಳಲ್ಲಿ ಬಿಳಿ ಮಚ್ಚೆ ಇದೆ, ಪಕ್ಕದ ಹೊಲ ಹಿಪ್ಪುನೇರಳೆ. "ಇವೆಲ್ಲಾ ಊಜಿನಾ, ಯಾವ ಔಷಧಿ ಹೊಡೆಯಲಿ" ಅಂತ ಕೇಳಿದ್ದೀರಿ. ನಿಮ್ಮ ಫೋಟೊ ದೊಡ್ಡದು ಮಾಡಿ ನೋಡಿದೆ. ಎಲ್ಲವೂ ಊಜಿ, ಅಂದರೆ ಟೊಮೆಟೊ ಎಲೆ ಕಾಯಿ ಕೊರೆಯುವ ಹುಳದ ಪತಂಗ, ಅಲ್ಲ. ಒಂದೇ ಗೋಡೆ ಮೇಲೆ ಮೂರು ನಾಲ್ಕು ಬೇರೆ ಬೇರೆ ಕುಟುಂಬದವು ಕೂತಿವೆ.

ರೆಕ್ಕೆಯನ್ನು ಸುರುಳಿ ಸುತ್ತಿ ಎರಡೂ ಕಡೆ ಚಾಚಿ, ಇಂಗ್ಲಿಷಿನ ಟಿ ಅಕ್ಷರದ ಹಾಗೆ ಕೂತಿದೆಯಲ್ಲ, ಅದು ಗರಿ ಪತಂಗ. ಆ ಗುಂಪಿನ ಕೆಲವು ಜಾತಿಗಳ ಹುಳ ಅವರೆ, ತೊಗರಿಯ ಹೂವು ಕಾಯಿ ತಿನ್ನುತ್ತದೆ. ನಿಮ್ಮ ಟೊಮೆಟೊಗೆ ಅದರಿಂದ ತೊಂದರೆಯಿಲ್ಲ. ಬಿಳಿ ರೆಕ್ಕೆ ಮೇಲೆ ಕಂದು ಮಚ್ಚೆ ಇರುವುದು ಬದನೆ ಕಾಯಿಕೊರಕದ ಪತಂಗ. ಬೆನ್ನ ಮೇಲೆ ವಜ್ರದ ಗುರುತು ಇರುವುದು ಕೋಸಿನ ಡೈಮಂಡ್ ಬ್ಯಾಕ್. ಕೋಸು ಬೆಳೆಯುವವರು ಇದನ್ನು ಹಗುರವಾಗಿ ತಗೋಬೇಡಿ. ಡಿಡಿಟಿಗೆ ಜಗ್ಗದ ಬೆಳೆ ಕೀಟ ಅಂತ 1953ರಲ್ಲೇ ಜಾವಾದಲ್ಲಿ ದಾಖಲಾದದ್ದು ಇದೇ. ಸುಮ್ನೆ ಔಷಧಿ ಬದಲಾಯಿಸುತ್ತಾ ಹೋದರೆ ಸಾಯುವ ಜಾತಿಯಲ್ಲ.

ಸಣ್ಣ ಪತಂಗ ಅನ್ನುವುದು ಒಂದೇ ವಂಶವಲ್ಲ. ಗಾತ್ರ ನೋಡಿ ಅನುಕೂಲಕ್ಕೆ ಮಾಡಿಕೊಂಡ ಗುಂಪು ಅಷ್ಟೆ. ಚಿಟ್ಟೆ ಮತ್ತು ಪತಂಗ ಸೇರಿ ಇಲ್ಲಿಯವರೆಗೆ ಹೆಸರಿಟ್ಟಿರುವುದು ಸುಮಾರು 1,60,000 ಜಾತಿ. ಅದರಲ್ಲಿ ಚಿಟ್ಟೆಗಳು 18 ಸಾವಿರದ ಆಸುಪಾಸು. ಮಿಕ್ಕಿದ್ದೆಲ್ಲಾ ಪತಂಗ. ಬಹಳಷ್ಟಕ್ಕೂ ನಮ್ಮ ಬೆಳೆಗೂ ಸಂಬಂಧವೇ ಇಲ್ಲ. ತರಗೆಲೆ, ಕಲ್ಲುಹೂವು, ಕಾಡುಗಿಡ ತಿಂದುಕೊಂಡು ಬದುಕುತ್ತವೆ.

ಈಗ ಊಜಿ ವಿಚಾರ. ಟೊಮೆಟೊ ಊಜಿ ಎಂದರೆ ಟ್ಯೂಟಾ ಅಬ್ಸಲ್ಯೂಟಾ. ರೇಷ್ಮೆ ಹುಳಕ್ಕೆ ಬರುವ ಊಜಿ ನೊಣವೇ ಬೇರೆ, ಅದು ನೊಣ, ಇದು ಪತಂಗ. ದಕ್ಷಿಣ ಅಮೆರಿಕದ್ದು. 2006ರಲ್ಲಿ ಸ್ಪೇನ್‌ಗೆ ಬಂತು, 2014ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡಿತು. ಆಲೂಗಡ್ಡೆ ಗೆಡ್ಡೆ ಕೊರೆಯುವ ಪತಂಗ, ಹತ್ತಿಯ ಗುಲಾಬಿ ಕಾಯಿಕೊರಕ, ಪಾವಗಡದ ಕಡೆ ಕಡಲೆಕಾಯಿಯವರನ್ನು ಕಾಡುವ ಸುರುಳಿಪೂಚಿ, ಎಲ್ಲವೂ ಇದೇ ಜೆಲೆಕಿಡೆ ಕುಟುಂಬ. ಮೊಬೈಲಿಗೆ ಕ್ಲಿಪ್ ಲೆನ್ಸ್ ಹಾಕಿ ನೋಡಿ. ಮುಖದ ಮುಂದೆ ಎರಡು ಸಣ್ಣ ಕೊಂಬಿನಂಥವು ಮೇಲಕ್ಕೆ ಬಾಗಿರುತ್ತವೆ, ಬೂದು ರೆಕ್ಕೆಯಲ್ಲಿ ಕಪ್ಪು ಚುಕ್ಕೆ, ಅಂಚಿಗೆ ಉದ್ದ ಕುಚ್ಚು. ಆದರೆ ಈ ಕುಟುಂಬದಲ್ಲಿ ಒಂದರಂತೆ ಇನ್ನೊಂದು ಇರುತ್ತದೆ. ತಜ್ಞರೇ ಜನನಾಂಗ ಬಿಡಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿ ಜಾತಿ ಹೇಳುತ್ತಾರೆ. ನಮಗೆ ಎಲೆ ನೋಡುವುದೇ ಸುಲಭ.

ಮಚ್ಚೆ ಇರುವ ಎಲೆ ಕಿತ್ತು ಬಿಸಿಲಿಗೆ ಹಿಡಿಯಿರಿ. ಹಾವಿನಂತೆ ಸುತ್ತಿ ಸುತ್ತಿ ಹೋದ ಸಣ್ಣ ಗೆರೆ ಇದ್ದರೆ ಅದು ರಂಗೋಲಿ ಹುಳು, ನೊಣದ ಮರಿ. ಅದಕ್ಕೆ ಕಾಲೂ ಇಲ್ಲ, ಗಟ್ಟಿ ತಲೆಯೂ ಇಲ್ಲ. ಊಜಿಯದು ಗೆರೆಯಲ್ಲ, ಅಗಲವಾದ ಪೊರೆ. ಎಲೆಯ ಮೇಲಿನ ಕೆಳಗಿನ ಸಿಪ್ಪೆ ಬಿಟ್ಟು ನಡುವಿನ ಹಸಿರು ತಿಂದಿರುತ್ತದೆ. ಒಳಗೆ ಒಂದು ಮೂಲೆಯಲ್ಲಿ ಕಪ್ಪು ಹಿಕ್ಕೆ. ಹುಳ ಹಸಿರು, ಬೆಳೆದಂತೆ ಬೆನ್ನು ಸ್ವಲ್ಪ ಗುಲಾಬಿ. ತಲೆಯ ಹಿಂದೆ ಕಪ್ಪು ಪಟ್ಟಿ ಕಂಡರೆ ಅನುಮಾನ ಬೇಡ. ಕಾಯಿಯ ತೊಟ್ಟಿನ ಹತ್ತಿರ ಸೂಜಿ ಚುಚ್ಚಿದಂತೆ ತೂತೂ ಇರುತ್ತದೆ.

ಪೊರೆಯೊಳಗೆ ಹುಳ ಸುಕ್ಕಾಗಿ ಅಲ್ಲಾಡದೆ ಬಿದ್ದು, ಪಕ್ಕದಲ್ಲಿ ಪುಟ್ಟ ಕೋಶ ಇದ್ದರೆ ದಯವಿಟ್ಟು ಆ ಎಲೆ ಸುಡಬೇಡಿ. ಪರಾವಲಂಬಿ ಕಣಜ ತನ್ನ ಕೆಲಸ ಮಾಡಿದೆ. ಗಿಡದ ಮೇಲೆ ಚುರುಕಾಗಿ ಓಡುವ ತೆಳ್ಳನೆ ಹಸಿರು ತಿಗಣೆಯೂ ಊಜಿಯ ಮೊಟ್ಟೆ ಹೀರುತ್ತದೆ. ಅದು ಜಾಸ್ತಿಯಾದಾಗ ಮಾತ್ರ ಎಳೆ ಕಾಂಡಕ್ಕೆ ಕಂದು ಉಂಗುರ ಹಾಕುತ್ತದೆ. ವಾರಕ್ಕೊಂದು ಸ್ಪ್ರೇ ಮಾಡಿದರೆ ಮೊದಲು ಸಾಯುವುದು ಇಂಥವೇ. ಹುಳ ಮಾತ್ರ ಸಿಪ್ಪೆಯ ಮರೆಯಲ್ಲಿ ಉಳಿದುಬಿಡುತ್ತದೆ.

ನಿಮ್ಮ ವಿಷಯದಲ್ಲಿ ನನಗೆ ನಿಜವಾದ ಭಯ ಇರುವುದು ಹಿಪ್ಪುನೇರಳೆ ಬಗ್ಗೆ. ರೇಷ್ಮೆ ಹುಳವೂ ಪತಂಗದ ಮರಿಯೇ ಅಲ್ವಾ? ಊಜಿ ಹುಳ ಕೊಲ್ಲುವ ಔಷಧಿ ಅದನ್ನೂ ಕೊಲ್ಲುತ್ತದೆ. ಕ್ಲೋರಂಟ್ರಾನಿಲಿಪ್ರೋಲ್ ಅನ್ನುವ ಔಷಧಿ ಗಾಳಿಗೆ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಸ್ವಲ್ಪವೇ ಸಾಕು, ಇಡೀ ರೇಷ್ಮೆ ಬೆಳೆ ಹೋಗುತ್ತದೆ. "ಸಾವಯವ, ಏನೂ ಆಗಲ್ಲ" ಅಂತ ಬಿಟಿ (ಬ್ಯಾಕ್ಟೀರಿಯಾದಿಂದ ಮಾಡಿದ ಹುಳದ ಔಷಧಿ) ಕೊಟ್ಟರೂ ಅಲ್ಲಿ ಬೇಡ. ಆ ಬ್ಯಾಕ್ಟೀರಿಯಾವನ್ನು 1901ರಲ್ಲಿ ಜಪಾನಿನಲ್ಲಿ ಪತ್ತೆ ಹಚ್ಚಿದ್ದೇ ಸಾಯುತ್ತಿದ್ದ ರೇಷ್ಮೆ ಹುಳದಲ್ಲಿ. ಹೊಡೆಯಲೇಬೇಕಾದರೆ ಪಕ್ಕದವರಿಗೆ ಮೊದಲೇ ಹೇಳಿ, ಗಾಳಿ ಇಲ್ಲದ ಹೊತ್ತು ನೋಡಿ, ಅವರ ಬದುವಿನ ಕಡೆಯ ಸಾಲುಗಳನ್ನು ಬಿಟ್ಟುಬಿಡಿ.

ಅದಕ್ಕಿಂತ ಮುಂಚೆ ಮೋಹಕ ಬಲೆ ಕಟ್ಟಿ. ಅದರೊಳಗೆ ಇಡುವ ಲ್ಯೂರ್, ಅಂದರೆ ಗಂಡು ಪತಂಗ ಸೆಳೆಯುವ ವಾಸನೆಯ ಬಿಲ್ಲೆ, ಟ್ಯೂಟಾದ್ದೇ ಆಗಿರಲಿ. ಕಾಯಿಕೊರಕದ ಲ್ಯೂರ್‌ಗೆ ಊಜಿ ಬರುವುದಿಲ್ಲ. ಬಲೆಗೆ ಬೀಳುವುದು ಗಂಡು ಮಾತ್ರ, ಹಾಗಾಗಿ ಬಲೆಯೊಂದರಿಂದಲೇ ಹತೋಟಿ ಆಗಿಬಿಡುತ್ತದೆ ಅನ್ನಬೇಡಿ. ಆದರೆ ಪತಂಗ ಯಾವಾಗ ಏರುತ್ತಿದೆ ಅನ್ನುವುದು ನಿಖರವಾಗಿ ಗೊತ್ತಾಗುತ್ತದೆ. ಹಳದಿ ಅಂಟು ಹಾಳೆ ಬಿಳಿನೊಣಕ್ಕೆ, ರಂಗೋಲಿ ನೊಣಕ್ಕೆ ಸರಿ, ಊಜಿಗೆ ಅದನ್ನೇ ನಂಬಬೇಡಿ.

ಇನ್ನೊಂದು, ರೇಟು ಬಿದ್ದಾಗ ಬದುವಿನಲ್ಲಿ ಸುರಿಯುವ ಕಾಯಿ. ಅದರೊಳಗಿನ ಹುಳ ಬೆಳೆದು, ಮಣ್ಣಿಗಿಳಿದು ಕೋಶವಾಗಿ, ಮತ್ತೆ ನಿಮ್ಮ ತೋಟಕ್ಕೇ ಬರುತ್ತದೆ. ತೂತು ಬಿದ್ದ ಕಾಯಿ, ಜೀವಂತ ಹುಳ ಇರುವ ಪೊರೆ ಎಲೆ ಎಲ್ಲಾ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಲ್ಲಿಡಿ. ಬದುವಿನ ಗಣಿಕೆ ಗಿಡದಲ್ಲೂ ಊಜಿ ಬದುಕುತ್ತದೆ, ಅದನ್ನೂ ಕೀಳಿ. ಮುಂದಿನ ಬೆಳೆಗೆ ಆಲೂಗಡ್ಡೆ, ಬದನೆ ಬೇಡ. ರಾಗಿಯೋ ಅವರೆಯೋ ಹಾಕಿ.

ನಾಳೆ ಬೆಳಗ್ಗೆ ಹತ್ತು ಗಿಡದಿಂದ ಒಂದೊಂದು ಎಲೆ ಕಿತ್ತು, ಬಿಸಿಲಿಗೆ ಹಿಡಿದು ಫೋಟೊ ತೆಗೆದು ಇಲ್ಲೇ ಹಾಕಿ. ಒಳಗೆ ಜೀವಂತ ಹುಳ ಎಷ್ಟಿದೆ ನೋಡಿಕೊಂಡು ಹೊಡೆಯಬೇಕೋ ಬೇಡವೋ ಮಾತಾಡೋಣ.