ಕಾಣಕೋಣದ ಅಕ್ಕಾರಿಗೆ: ಮದ್ಲ ಜೆಟ್ ನೋಡಸ್ರಿ, ಇಗ್ನೈಟರ್ ಆಮೇಲೆ

ಅಕ್ಕಾರ, ನಿಮ್ಮ ಪ್ರಶ್ನಿ ಎರಡು ಸಲ ಓದಿದೆ. ಮುಂಬೈದಾಗ ಬಂದ್ ಆದ ಗೆಸ್ಟ್‌ಹೌಸಿಂದ ಸೆಕೆಂಡ್‌ಹ್ಯಾಂಡ್ ಸೆಟ್ ತಗೊಂಡೀರಿ, ಕೆಳಗ ವಾಷರ್ ಮ್ಯಾಲ ಗ್ಯಾಸ್ ಡ್ರೈಯರ್, ಈಗ ಗೋವಾದ ಕಾಣಕೋಣದಾಗ ನಿಮ್ಮ ಹೋಮ್‌ಸ್ಟೇಕ್ಕ ಸಿಲಿಂಡರ್ ಹಚ್ಚಿ ನಡಸ್ತೀರಿ. ಡ್ರಮ್ ತಿರಗ್ತದ, ಹತ್ತು ನಿಮಿಷ ಛಲೋ ಬಿಸಿ ಬರ್ತದ, ಆಮೇಲೆ ತಣ್ಣಗ, ಟಾವೆಲ್ಲಿಗೆ ಸೀಮೆಎಣ್ಣಿ ಸ್ಟೋ ವಾಸನಿ, ಮತ್ತ ಸ್ಪಿನ್ ಆಗೂಮುಂದ ಇಡೀ ಸೆಟ್ ಕುಣೀತದ. ಇಲ್ಲಿ ನಾಕೈದು ಮಂದಿ ಗ್ಯಾಸಿಗೆ ಉರಿ ಹಚ್ಚೂ ಇಗ್ನೈಟರ್ ಬದಲಸ್ರಿ, ಎಲೆಕ್ಟ್ರಾನಿಕ್ ಬೋರ್ಡ್ ಹೋಗೇದ ಅಂತ ಹೇಳ್ಯಾರ. ನಾ ಪುಣೆದಾಗ ಕರ್ವೆನಗರದ ಕಡೆ ಸಣ್ಣ ಲಾಂಡ್ರಿ ನಡಸ್ತೇನಿ, ಇಂಥಾವೇ ಎರಡು ಸೆಟ್ ನಮ್ಮಲ್ಲೂ ಅವ, ಅದಕ್ಕ ಒಂದ್ ಮಾತು ಕೇಳ್ತೇನಿ. ಮುಂಬೈದಾಗ ಅದು ಯಾವ ಗ್ಯಾಸಿನ ಮ್ಯಾಲ ನಡೀತಿತ್ತು? ಪೈಪ್ ಗ್ಯಾಸ್ ಇದ್ದಿರಬೇಕು, ಅಲ್ಲಿ ಭಾಳ ಕಡೆ ಅದೇ. ಜೆಟ್ ಅಂದ್ರ ಬರ್ನರಿಗೆ ಗ್ಯಾಸ್ ಬಿಡೂ ತೂತಿನ ಮೂತಿ, ಅದನ್ನ ಬದಲಸದನ ಸಿಲಿಂಡರ್ ಹಚ್ಚಿದ್ರ ನಿಮ್ಮ ಅರ್ಧ ತ್ರಾಸಿನ ಮೂಲ ಅಲ್ಲೇ ಅದ. ಅದು ಗೊತ್ತಾಗೂತನಕ ಡ್ರೈಯರ್ ಚಾಲೂ ಮಾಡಬ್ಯಾಡ್ರಿ.

ಯಾಕ ಅಂದ್ರ ಪೈಪಿನ ಗ್ಯಾಸು ಅಂದ್ರ ಬಹುತೇಕ ಮೀಥೇನ್, ಮನಿಗೆ ಬರೂದು ಸುಮಾರು 21 ಮಿಲಿಬಾರ್ ಪ್ರೆಶರಿಗೆ. ಸಿಲಿಂಡರಿಂದು ಪ್ರೋಪೇನ್-ಬ್ಯೂಟೇನ್, ಮನಿ ರೆಗ್ಯುಲೇಟರ್ ಬಿಡೂದು ಸುಮಾರು 30. ಮ್ಯಾಲಿಂದ ಅಷ್ಟೇ ಜಾಗಾದಾಗ ಸಿಲಿಂಡರ್ ಗ್ಯಾಸಿನ ಕಾವು ಎರಡೂವರಿಯಿಂದ ಮೂರು ಪಟ್ಟು. ಅದಕ್ಕ ಸಿಲಿಂಡರಿಗೆ ಸಣ್ಣ ತೂತಿನ ಜೆಟ್, ಪೈಪಿಗೆ ದೊಡ್ಡದು. ದೊಡ್ಡ ತೂತಿನ್ಯಾಗ ಸಿಲಿಂಡರ್ ಗ್ಯಾಸ್ ಬಿಟ್ರ ಉರಿ ನೀಲಿ ಇರೂದಿಲ್ಲ, ಹಳದಿ ಆಗಿ ನಾಲಗಿ ಚಾಚಿ ಆಡ್ತದ, ಮಸಿ ಹಿಡೀತದ, ಬಟ್ಟಿಗೆ ಆ ವಾಸನಿ ಬರ್ತದ. ಕಾವು ಅತೀ ಆತು ಅಂದ್ರ ಹೈ ಲಿಮಿಟ್ ಥರ್ಮೋಸ್ಟಾಟ್ ಅನ್ನೂ ಕಾವಿನ ಸ್ವಿಚ್ ಉರಿ ಕಟ್ ಮಾಡ್ತದ. ನಿಮ್ಮ 'ಹತ್ತು ನಿಮಿಷ ಬಿಸಿ ಆಮೇಲೆ ತಣ್ಣಗ' ಇದಕ್ಕ ಬರೋಬ್ಬರಿ ಕೂಡ್ತದ ನೋಡ್ರಿ. ಎಲ್ಲಾದಕ್ಕಿಂತ ಅಂಜಿಕಿ ಅಂದ್ರ ಹಂಗ ಅರೆಬರೆ ಸುಟ್ಟ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಬರ್ತದ, ಅದಕ್ಕ ವಾಸನಿ ಇಲ್ಲ ಬಣ್ಣ ಇಲ್ಲ, ಬಾಜೂ ರೂಮಿನ್ಯಾಗ ಗೆಸ್ಟ್ ಮಲಗಿರ್ತಾರ.

ಬಾಗಲಾ ತಗದ್ರ ಅಂಚಿನ್ಯಾಗೋ ಹಿಂದಿನ ಪ್ಲೇಟಿನ ಮ್ಯಾಲೋ ಯಾವ ಗ್ಯಾಸು ಅಂತ ಬರದಿರ್ತದ, ಅದನ್ನ ಓದ್ರಿ. ಜೆಟ್ ಹಿತ್ತಾಳಿದು, ಬಹಳಷ್ಟಕ್ಕ ಮ್ಯಾಲ ನಂಬರ್ ಕೊರದಿರ್ತದ. ಬದಲಸೂದಾದ್ರ ಆ ಮಾಡಲ್ಲಿನ ಕನ್ವರ್ಶನ್ ಕಿಟ್ಟೇ (ಗ್ಯಾಸ್ ಬದಲಸಾಕ ಬೇಕಾದ ಪಾರ್ಟಿನ ಸೆಟ್) ತರಸ್ರಿ, ಯಾಕಂದ್ರ ಕೆಲವು ವಾಲ್ವಿನ್ಯಾಗ ಜೆಟ್ ಜೋಡಿ ಒಳಗಿನ ಪ್ರೆಶರ್ ರೆಗ್ಯುಲೇಟರಿಂದೂ ಬದಲಸಬೇಕಾಗ್ತದ. ಊರಾಗ ಒಲಿ ರಿಪೇರಿ ಮಾಡಾವ 'ತೂತಿಗೆ ಸೋಲ್ಡರ್ ಹಾಕಿ ಸಣ್ಣದು ಮಾಡಿ ಕೊಡ್ತೇನಿ' ಅಂತಾನ, ನಮಸ್ಕಾರ ಹೇಳಿ ಕಳಸ್ರಿ ಅವಂಗ.

ಇದು ಸರಿ ಇದ್ದೂ ಬಿಸಿ ನಿಂತ್ರ ಆಗ ಪಾರ್ಟ್ ಮಾತು. ನಮ್ಮಲ್ಲಿ ಒಂದ್ ಸಲ ಹಿಂಗೇ ಆಗಿತ್ತು. ಬಂದ ಮೆಕ್ಯಾನಿಕ್ ಪೂರಾ ಗ್ಯಾಸ್ ವಾಲ್ವೇ ಬದಲಿಸಬೇಕು ಅಂದ, ಹೂಂ ಅಂದು ರೊಕ್ಕಾ ಕೊಟ್ಟೆ. ಎರಡನೇ ಸೆಟ್ಟಿಗೆ ಅದೇ ರೋಗ ಬಂದಾಗ ಸಿಟ್ಟಿಗೆ ಅಂಗಡಿ ಮುಚ್ಚಿದ ಮ್ಯಾಲ ಪ್ಯಾನೆಲ್ಲಿನ ಸಣ್ಣ ಕಿಂಡಿಗೆ ಕಣ್ಣಿಟ್ಟು ಸ್ಟೂಲ್ ಮ್ಯಾಲ ಕೂತೆ, ಲೈಟ್ ಎಲ್ಲಾ ಆರಿಸಿ. ಮೋಟಾರ್ ತಿರಗ್ತು, ಇಗ್ನೈಟರ್ ಕೆಂಪಗ ಆಗಿ ಕಿತ್ತಳಿ ಬಣ್ಣಕ್ಕ ಬಂತು, ಅರ್ಧ ನಿಮಿಷಕ್ಕ ಟಕ್ ಅಂತು, ಭುಸ್ ಅಂತ ನೀಲಿ ಉರಿ. ಸ್ವಲ್ಪ ಹೊತ್ತಿಗೆ ಕಾವು ಸಾಕಾಗಿ ಉರಿ ಆರ್ತು, ಅದು ಬರೋಬ್ಬರಿನೇ, ಥರ್ಮೋಸ್ಟಾಟ್ ಕೆಲಸಾ ಅದು. ಮತ್ತ ಇಗ್ನೈಟರ್ ಕೆಂಪಗಾತು, ಆದ್ರ ಈ ಸಲ ಉರಿ ಹತ್ತಲಿಲ್ಲ, ಇಗ್ನೈಟರ್ ಆರಿ ಹೋತು, ಮತ್ತ ಕೆಂಪ, ಮತ್ತ ಆರ್ತು. ಅಂದ್ರ ಇಗ್ನೈಟರ್ ಗಟ್ಟಿ ಅದ, ಕರೆಂಟ್ ಬಂದಾಗ ಅಯಸ್ಕಾಂತದಂಗ ಎಳದು ವಾಲ್ವ್ ತೆರಿಯೂ ಕಾಯಿಲ್ ಸೋತಾವ. ತಣ್ಣಗಿದ್ದಾಗ ಎಳೀತಾವ, ಬಿಸಿ ಆದ್ವು ಅಂದ್ರ ಎಳಿಯೂದಿಲ್ಲ. ಕಾಯಿಲ್ ಬ್ಯಾರೆ ಸಿಗ್ತಾವ, ವಾಲ್ವ್ ಮ್ಯಾಲ ಟೊಪ್ಪಿಗಿ ಹಂಗ ಕೂಡ್ತಾವ, ಗ್ಯಾಸ್ ಲೈನ್ ಬಿಚ್ಚೂದೇ ಬ್ಯಾಡ. ಹಿಂದ ಪೂರಾ ವಾಲ್ವಿಗೆ ಕೊಟ್ಟ ರೊಕ್ಕಾ ನೆನಪಾಗಿ ಆ ರಾತ್ರಿ ಊಟ ಹೋಗ್ಲಿಲ್ಲ ನಂಗ.

ಇಗ್ನೈಟರ್ ಕೆಂಪಗೇ ಆಗ್ಲಿಲ್ಲ ಅಂದ್ರ ಅದು ಒಡದಿರಬೇಕು, ಇಲ್ಲಾ ಕಾವು ಅತೀ ಆದ್ರ ಕರೆಂಟ್ ಕಟ್ ಮಾಡೂ ಥರ್ಮಲ್ ಫ್ಯೂಜ್ ಹೋಗಿರಬೇಕು. ಫ್ಯೂಜ್ ಹೋಗಿದ್ರ ಹೊಸಾದು ಹಾಕಿ ಕೈ ತೊಳಕೋಬ್ಯಾಡ್ರಿ, ಗಾಳಿ ಎಲ್ಲೋ ಕಟ್ಟೇದ ಅಂತ ಅರ್ಥ. ಮತ್ತ ಇಗ್ನೈಟರ್ ಬದಲಸೂಮುಂದ ಕರಿ ಭಾಗಕ್ಕ ಬರಿಗೈ ಹಚ್ಚಬ್ಯಾಡ್ರಿ, ಕೈ ಜಿಡ್ಡು ಹತ್ತಿದ ಜಾಗಾದಾಗ ಅದು ಲಗೂ ಒಡೀತದ.

ಇನ್ನ ಗಾಳಿ. ಜಾಳಗಿ ಮ್ಯಾಲ ಕೂಡೂ ಹತ್ತಿಧೂಳ ಪ್ರತಿ ಲೋಡಿಗೆ ತಗೀರಿ, ಅದು ಎಲ್ಲಾರಿಗೂ ಗೊತ್ತು. ಗೊತ್ತಿರದ್ದು ಅಂದ್ರ ಜಾಳಗಿ ದಾಟಿ ಹೋಗಿದ್ದು ಡಕ್ಟಿನ, ಅಂದ್ರ ಬಿಸಿ ಗಾಳಿ ಹೊರಗ ಹಾಕೂ ಪೈಪಿನ, ಮೊಣಕೈಯಾಗ ಕೂಡ್ತದ. ನಾವು ಬಿಚ್ಚಿದಾಗ ಗಾದಿಯೊಳಗಿನ ಅರಳಿ ಹಂಗ ಒಂದು ಸಿಂಬಿನೇ ಬಂತು, ನಡುವ ಯಾರದೋ ಕೂಸಿನ ಒಂದ್ ಕಾಲಚೀಲ. ನಾಕಿಂಚಿನ ಗಟ್ಟಿ ತಗಡಿನ ಪೈಪ್ ಹಾಕಸ್ರಿ, ಪ್ಲಾಸ್ಟಿಕ್ಕಿಂದು ಬ್ಯಾಡ, ಬೆಳ್ಳಿ ಹಾಳಿ ಥರಾ ಸುರುಟೂದೂ ಬ್ಯಾಡ, ಜೋಡಿಗೆ ಸ್ಕ್ರೂ ಹೊಡಿಬ್ಯಾಡ್ರಿ, ಒಳಗ ಮೊನಿ ಬಂದು ಧೂಳ ಹಿಡೀತದ. ನಿಮ್ಮ ಕಡೆ ಮಳಿಗಾಲದಾಗ ನಾಕು ತಿಂಗಳು ಹೋಮ್‌ಸ್ಟೇ ಬಂದ್ ಅಂದೀರಿ, ಅಷ್ಟ್ರಾಗ ಹೊರಗಿನ ಬಾಯಾಗ ಕಣಜ ಮನಿ ಕಟ್ಟಿರ್ತದ, ಹಲ್ಲಿ ತತ್ತಿ ಇಟ್ಟಿರ್ತದ. ಅದಕ್ಕಂತ ಸಣ್ಣ ಜಾಳಗಿ ಹೊಡಿಬ್ಯಾಡ್ರಿ, ಹದಿನೈದು ದಿನದಾಗ ಧೂಳ ಕಟ್ಟಿ ಪೂರಾ ಮುಚ್ಚತದ. ತಾನೇ ತಗದು ಮುಚ್ಚೂ ಪತ್ತಿ ಇರೂ ಮುಚ್ಚಳ ಹಾಕಸ್ರಿ. ಜೆಟ್ ಸರಿ ಆದ ಮ್ಯಾಲ ಚಾಲೂ ಮಾಡಿ ಹೊರಗ ಹೋಗಿ ಕೈ ಹಿಡೀರಿ, ಪತ್ತಿ ಪೂರಾ ಎದ್ದು ಗಾಳಿ ಝೋರಾಗಿ ಬರಬೇಕು. ಇಲ್ಲಿ ಯಾರೋ ಡಕ್ಟ್ ಕಿತ್ತು ಒಮ್ಮೆ ಓಡಿಸಿ ನೋಡ್ರಿ ಅಂದಾರ, ಕರೆಂಟ್ ಡ್ರೈಯರಿಗೆ ನಡೀತದ, ಗ್ಯಾಸಿಂದಕ್ಕ ಬ್ಯಾಡ, ಹೊಗಿ ಎಲ್ಲಾ ರೂಮಿನ್ಯಾಗ ಬಿಟ್ಟಂಗ.

ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರ ನೆಲದ ಮ್ಯಾಲ ಹರದು ಮೂಲ್ಯಾಗ ಕೂಡ್ತದ, ಅದಕ್ಕ ಆ ರೂಮಿಗೆ ನೆಲಮಟ್ಟದಾಗ ಗಾಳಿ ಕಿಂಡಿ ಇರಬೇಕು, ಮ್ಯಾಲಿನ ಕಿಡಕಿ ಒಂದೇ ಸಾಲೂದಿಲ್ಲ. ಜೋಡಿಗೆ ಸಾಬೂನ ನೀರು ಹಚ್ಚಿ ಗುಳ್ಳಿ ನೋಡ್ರಿ. ಮತ್ತ ಕೆಂಪು 14.2 ಕೆಜಿ ಮನಿ ಸಿಲಿಂಡರ್ ಹಚ್ಚೀರಿ ಅಂತ ಫೋಟೋದಾಗ ಕಂಡ್ತು, ಹೋಮ್‌ಸ್ಟೇ ಧಂಧೇಕ್ಕ ಅದು ಕಾಯ್ದೇಕ್ಕ ನಡಿಯೂದಿಲ್ಲ, ನೀಲಿ 19 ಕೆಜಿದು ತಗೋರಿ. ಈ ಸೈಜಿನ ಬರ್ನರ್ ಒಂದೇ ಸವನೆ ಉರದ್ರ ತಾಸಿಗೆ ಅರ್ಧ ಕೆಜಿ ಅಂದಾಜು.

ಕುಣಿಯೂ ವಾಷರ್ ಬ್ಯಾರೆ ಕಥಿ ಅಲ್ಲ, ಅದೂ ಇದಕ್ಕ ಕೂಡಿದ್ದೇ. ತೂಕ ಸಮಾ ಆಗ್ಲಿಲ್ಲ ಅಂದ್ರ ಮಶೀನು ತಾನೇ ಸ್ಪಿನ್ ಕಡಿಮಿ ಮಾಡ್ತದ, ಬಟ್ಟಿ ನೀರಿಳಿಯೂ ಹಂಗೇ ಮ್ಯಾಲ ಹೋಗ್ತಾವ, ಬೈಗಳ ಡ್ರೈಯರಿಗೆ. ಮುಂಬೈದಿಂದ ಟೆಂಪೋದಾಗ ತರೂಮುಂದ ಡ್ರಮ್ ಬಿಗಿಯೂ ಟ್ರಾನ್ಸಿಟ್ ಬೋಲ್ಟ್ ಹಾಕಿದ್ರೇನು? ಹಳೇ ಮಶೀನಿಗೆ ಯಾರೂ ಹಾಕೂದಿಲ್ಲ, ದಾರಿ ಉದ್ದಕ್ಕೂ ಡ್ರಮ್ ಜೋಲಿ ಹೊಡದು ಶಾಕ್ ಅಬ್ಸಾರ್ಬರ್ ಹೋಗಿರ್ತಾವ. ಕೈಯಿಂದ ಡ್ರಮ್ ಒತ್ತಿ ಬಿಡ್ರಿ, ಒಮ್ಮೆ ಏರಿ ನಿಲ್ಲಬೇಕು, ತೊಟ್ಟಿಲ ಹಂಗ ತೂಗಿದ್ರ ಶಾಕ್ ಹೋಗ್ಯಾವ. ಆಮೇಲೆ ಗೌಂಡಿ ಕಡಿಂದ ಲೆವೆಲ್ ಬಾಟ್ಲಿ ಇಸ್ಕೊಂಡು ನಾಕೂ ಕಾಲು ಸಮಾ ಮಾಡಿ ಲಾಕ್ ನಟ್ ಬಿಗೀರಿ, ಎರಡೂ ಮಶೀನ್ ಕೂಡಿಸಿ ಹಿಡಿಯೂ ನಡುವಿನ ಸ್ಟ್ಯಾಕಿಂಗ್ ಕಿಟ್ಟಿನ ಸ್ಕ್ರೂನೂ ನೋಡ್ರಿ. ಮ್ಯಾಲಿಂದು ಇಳಸೂದಿದ್ರ ಇಬ್ಬರು ಗಟ್ಟಿ ಮಂದಿ ಬೇಕು, ಅದಕ್ಕೂ ಮದ್ಲ ಗ್ಯಾಸ್ ಬಂದ್, ಪ್ಲಗ್ ತಗೀರಿ.

ಬೀಚಿನ ಉಸುಕು ನಿಮ್ಮ ಖಾಸಾ ವೈರಿ. ಟಾವೆಲ್ ಹೊರಗ ಝಾಡಸಿ ಒಳಗ ಹಾಕ್ರಿ, ಇಲ್ಲಾಂದ್ರ ಕೆಳಗಿನ ಡ್ರೇನ್ ಫಿಲ್ಟರಿನ್ಯಾಗ ಉಸುಕು, ಮ್ಯಾಲ ಡ್ರಮ್ಮಿನ ರೋಲರಿನ್ಯಾಗ ಉಸುಕು, ಗರಗರ ಸಪ್ಪಳ. ಬಾವಿ ನೀರಾದ್ರ ನಳದ ತುದಿಗಿನ ಸಣ್ಣ ಜಾಳಗೀನೂ ಬಿಚ್ಚಿ ನೋಡ್ರಿ, ಕೆಂಪು ರಾಡಿ ಕೂತಿರ್ತದ.

ಈಗ ಎರಡು ಫೋಟೋ ಹಾಕ್ರಿ ಅಕ್ಕಾರ, ಒಂದು ಹಿಂದಿನ ಪ್ಲೇಟಿಂದು, ಇನ್ನೊಂದು ಬರ್ನರ್ ಬಾಯಿದು, ಆರಿಸಿದ್ದೇ ಇರಲಿ, ಮಸಿ ಅದನೋ ಇಲ್ಲೋ ಕಾಣೂ ಹಂಗ. ಅಲ್ಲೀತನಕ ಚಾದರ್ ಹಿತ್ತಲದಾಗ ಹಗ್ಗಕ್ಕ ಹಾಕ್ರಿ, ಹೆಂಗೂ ನಿಮ್ಮ ಕಡೆ ಈಗ ಬಿಸಲದ.